ಕಬ್ಬಿನ ಮದ್ಯಸಾರದಿಂದ ಕೊನೆಯ ನೀರನ್ನು ತೆಗೆಯುವ ಬಗೆ



ನೀವು ಬೆಳೆದ ಕಬ್ಬು ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಏನಾಗುತ್ತದೆ? ತೂಕದ ಚೀಟಿ ಕೈಗೆ ಬಂದರೆ ನಮ್ಮ ಕೆಲಸ ಮುಗಿಯಿತು, ಇನ್ನು ಹಣ ಬರುವುದೊಂದು ಬಾಕಿ ಎಂದು ಬಹಳ ಮಂದಿ ತಿಳಿಯುತ್ತಾರೆ. ಆದರೆ ಕಬ್ಬಿನ ಹಣ ಈಗ ಸಕ್ಕರೆಯ ಮೂಟೆಯಿಂದ ಮಾತ್ರ ಬರುವುದಿಲ್ಲ. ಕಾಕಂಬಿಯಿಂದಲೂ ಕಬ್ಬಿನ ಹಾಲಿನಿಂದಲೂ ತೆಗೆದ ಮದ್ಯಸಾರ ಪೆಟ್ರೋಲಿನೊಡನೆ ಬೆರೆತು ಗಾಡಿಗಳನ್ನು ಓಡಿಸುತ್ತಿದೆ. ಇದಕ್ಕೆ ಎಥನಾಲ್ ಎಂದು ಹೆಸರು. ಮೆಕ್ಕೆಜೋಳ ಮತ್ತು ನುಚ್ಚಕ್ಕಿಯಿಂದಲೂ ಇದನ್ನು ತೆಗೆಯುತ್ತಾರೆ. ಆದ್ದರಿಂದ ಈ ಸಂಗತಿ ಕಬ್ಬಿನ ರೈತರಿಗೆ ಮಾತ್ರವಲ್ಲ, ಜೋಳದ ರೈತರಿಗೂ ಸಂಬಂಧಿಸಿದ್ದು.

ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಯೋಜನೆ 2003ರಲ್ಲಿ ಶೇಕಡಾ 5ರ ಪ್ರಮಾಣದಲ್ಲಿ ಮೊದಲಾಯಿತು. 2022ರಲ್ಲಿ ಶೇಕಡಾ 10ರ ಗುರಿ ಮುಟ್ಟಿತು. ಶೇಕಡಾ 20 ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಹೀಗೆ ಮದ್ಯಸಾರಕ್ಕೆ ಬೇಡಿಕೆ ಬೆಳೆದಂತೆ ಒಂದು ಪ್ರಶ್ನೆ ಹಳ್ಳಿಗಳಲ್ಲಿ ಕೇಳಿಬರುತ್ತಿದೆ: "ಕಾಕಂಬಿ ನಮ್ಮದು, ಭಟ್ಟಿ ಇಳಿಸುವ ವಿದ್ಯೆ ಹಳೆಯದು. ಇದಕ್ಕೆ ಇಷ್ಟು ದೊಡ್ಡ ಕಾರ್ಖಾನೆ ಏಕೆ ಬೇಕು? ಮದ್ಯಸಾರದಿಂದ ನೀರು ತೆಗೆಯುವುದು ಅಷ್ಟು ಕಷ್ಟವೆ?"

ಕಷ್ಟವೇ ಸರಿ. ಅದರಲ್ಲಿಯೂ ಕೊನೆಯ ನಾಲ್ಕು ಪಾಲು ನೀರನ್ನು ತೆಗೆಯುವುದು ಬಹಳ ಕಷ್ಟ. ಆ ಕೊನೆಯ ನೀರನ್ನು ತೆಗೆಯುವ ಒಂದು ವಿಧಾನವನ್ನು ಇಲ್ಲಿ ವಿವರಿಸಿದೆ. ಇದನ್ನು ತಿಳಿದರೆ ಕಾರ್ಖಾನೆಯವರ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ನೀವೇ ತೂಗಿ ನೋಡಬಹುದು. ನಿಮ್ಮ ಮನೆಯ ಪೆಟ್ರೋಲ್ ಯಂತ್ರಗಳನ್ನು ಕಾಪಾಡಿಕೊಳ್ಳಲಿಕ್ಕೂ ಇದು ಉಪಯೋಗಕ್ಕೆ ಬರುತ್ತದೆ.

ಕಬ್ಬಿನಿಂದ ಮದ್ಯಸಾರ

ಮೊದಲು ಹುದುಗಿನ ಕೆಲಸ. ಕಾಕಂಬಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಎಂಬುದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲವೆಂಬ ಅನಿಲವನ್ನೂ ಬಿಡುತ್ತದೆ. ಲೆಕ್ಕದ ಪ್ರಕಾರ 100 ಕಿಲೋ ದ್ರಾಕ್ಷಿ ಸಕ್ಕರೆಯಿಂದ 51 ಕಿಲೋ ಮದ್ಯಸಾರ ಬರಬೇಕು. ಮಿಕ್ಕ 49 ಕಿಲೋ ಅನಿಲವಾಗಿ ಹೋಗುತ್ತದೆ. ಕಾರ್ಖಾನೆಯಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆಯೇ ಸಿಗುತ್ತದೆ.

ಒಂದು ಟನ್ ಕಬ್ಬನ್ನು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕೊನೆಯ ಕಾಕಂಬಿಯಿಂದ ಸುಮಾರು 10 ಲೀಟರ್ ಮದ್ಯಸಾರ ದೊರೆಯುತ್ತದೆ. ಸಕ್ಕರೆಯನ್ನೇ ಮಾಡದೆ ಹಾಲನ್ನೆಲ್ಲ ಹುದುಗಿಗೆ ಬಿಟ್ಟರೆ ಸುಮಾರು 70 ಲೀಟರ್ ದೊರೆಯುತ್ತದೆ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಬರುತ್ತದೆ.

ಯೀಸ್ಟಿಗೆ ಒಂದು ಮಿತಿ ಉಂಟು. ತಾನೇ ಮಾಡಿದ ಮದ್ಯಸಾರ ನೂರಕ್ಕೆ ಹತ್ತು ಪಾಲಿನ ಸುತ್ತಮುತ್ತ ಮುಟ್ಟಿದಾಗ ಅದು ಸೊರಗುತ್ತದೆ. ಆದ್ದರಿಂದ ಹುದುಗಿನ ತೊಟ್ಟಿಯಲ್ಲಿ ಸಿಗುವುದು ಹತ್ತು ಪಾಲು ಮದ್ಯಸಾರ, ಮಿಕ್ಕದ್ದು ಹೆಚ್ಚಾಗಿ ನೀರು. ಈ ನೀರನ್ನು ಬೇರೆ ಮಾಡುವುದೇ ಮುಂದಿನ ಕೆಲಸವೆಲ್ಲ.

ನೀರು ಇದ್ದರೆ ಏನು ಕೆಡುಕು?

ಮದ್ಯಸಾರ ನೀರಿನೊಡನೆಯೂ ಬೆರೆಯುತ್ತದೆ, ಪೆಟ್ರೋಲಿನೊಡನೆಯೂ ಬೆರೆಯುತ್ತದೆ. ಆದರೆ ನೀರು ಮತ್ತು ಪೆಟ್ರೋಲು ಎಣ್ಣೆ ನೀರಿನ ಹಾಗೆ ಒಂದಕ್ಕೊಂದು ಆಗದವು. ಮೂರೂ ಒಂದೆಡೆ ಸೇರಿದಾಗ ನೀರು ಸ್ವಲ್ಪವಾಗಿದ್ದರೆ ಮದ್ಯಸಾರ ಎರಡನ್ನೂ ಹಿಡಿದುಕೊಂಡಿರುತ್ತದೆ. ಮಿತಿ ಮೀರಿದರೆ ಮದ್ಯಸಾರ ನೀರಿನ ಪಕ್ಷ ಸೇರಿ, ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ಮೇಲೆ ಪೆಟ್ರೋಲು ನಿಲ್ಲುತ್ತದೆ. ಇಂಜಿನ್ನಿಗೆ ಎಣ್ಣೆ ಹೋಗುವ ಕೊಳವೆ ಇರುವುದು ಟ್ಯಾಂಕಿನ ತಳದಲ್ಲಿ. ಆಗ ಇಂಜಿನ್ನು ಕುಡಿಯುವುದು ನೀರು ಬೆರೆತ ಮದ್ಯಸಾರವನ್ನು. ಅದು ಹತ್ತುವುದಿಲ್ಲ, ಹತ್ತಿದರೂ ಓಡುವುದಿಲ್ಲ. ಲೋಹದ ಭಾಗಗಳಿಗೆ ತುಕ್ಕು ಹಿಡಿಯುತ್ತದೆ.

ಶೇಕಡಾ 10 ಮದ್ಯಸಾರ ಬೆರೆಸಿದ ಒಂದು ಲೀಟರ್ ಪೆಟ್ರೋಲು, ತಂಪು ಹವೆಯಲ್ಲಿ ಸುಮಾರು 5 ಮಿಲಿಲೀಟರ್ ನೀರನ್ನು ಮಾತ್ರ ಸಹಿಸುತ್ತದೆ. ಅಂದರೆ ಒಂದು ಸಣ್ಣ ಚಮಚ. ಆದ್ದರಿಂದ ಪೆಟ್ರೋಲಿಗೆ ಬೆರೆಸುವ ಎಥನಾಲಿನಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ನೀರು ಇರಬಾರದೆಂಬ ಕಟ್ಟುಪಾಡು. ಇದಕ್ಕೆ ನಿರ್ಜಲ ಮದ್ಯಸಾರ ಎಂದು ಹೆಸರು.

ಬ್ರೆಜಿಲ್ ದೇಶದಲ್ಲಿ ನೀರು ಉಳಿದ ಮದ್ಯಸಾರವನ್ನೇ ನೇರವಾಗಿ ಟ್ಯಾಂಕಿಗೆ ಹಾಕಿ ಓಡಿಸುವ ಗಾಡಿಗಳು ಲಕ್ಷಗಟ್ಟಲೆ ಇವೆ. ಅಲ್ಲಿ ಅದು ಸಾಧ್ಯವಾದುದು ಆ ಟ್ಯಾಂಕಿನಲ್ಲಿ ಪೆಟ್ರೋಲು ಬೇಕೇ ಬೇಕೆಂದು ಇಲ್ಲದ ಕಾರಣ, ಮತ್ತು ಗಾಡಿಗಳನ್ನು ಅದಕ್ಕೆಂದೇ ಮಾಡಿರುವ ಕಾರಣ. ಪೆಟ್ರೋಲಿಗೆ ಬೆರೆಸುವುದಾದರೆ ಅಲ್ಲಿಯೂ ನಿರ್ಜಲವಾದುದನ್ನೇ ಬೆರೆಸುತ್ತಾರೆ.

ಕುದಿಸಿದರೆ ಎಲ್ಲಿಯವರೆಗೆ?

ನೀರು 100 ಡಿಗ್ರಿ ಶಾಖದಲ್ಲಿ ಕುದಿಯುತ್ತದೆ. ಮದ್ಯಸಾರ 78.4 ಡಿಗ್ರಿಯಲ್ಲೇ ಕುದಿಯುತ್ತದೆ. ಆದ್ದರಿಂದ ಎರಡೂ ಬೆರೆತುದನ್ನು ಕಾಯಿಸಿದರೆ ಮೇಲೇಳುವ ಆವಿಯಲ್ಲಿ ಮದ್ಯಸಾರದ ಪಾಲು ಹೆಚ್ಚು, ನೀರಿನ ಪಾಲು ಕಡಿಮೆ. ಆವಿಯನ್ನು ತಣಿಸಿ ಮತ್ತೆ ಕಾಯಿಸಿದರೆ ಮದ್ಯಸಾರ ಇನ್ನೂ ಹೆಚ್ಚುತ್ತದೆ. ಭಟ್ಟಿ ಇಳಿಸುವುದರ ಗುಟ್ಟು ಇಷ್ಟೆ. ಕಾರ್ಖಾನೆಯಲ್ಲಿ ಕಾಣುವ ಎತ್ತರದ ಗೋಪುರದೊಳಗೆ ಹತ್ತಾರು ತಟ್ಟೆಗಳು ಒಂದರ ಮೇಲೊಂದು ಇರುತ್ತವೆ. ಒಂದೊಂದು ತಟ್ಟೆಯೂ ಒಂದೊಂದು ಭಟ್ಟಿ ಎಂದು ತಿಳಿಯಿರಿ. ಆವಿ ಮೇಲೇರುತ್ತಾ ಹೋದಂತೆ ಮದ್ಯಸಾರ ಗಟ್ಟಿಯಾಗುತ್ತಾ ಹೋಗುತ್ತದೆ.

ಆದರೆ ಈ ಏರಿಕೆ ಒಂದೇ ಸಮನಾಗಿ ನಡೆಯುವುದಿಲ್ಲ. ತೂಕದ ಲೆಕ್ಕದಲ್ಲಿ ನೋಡೋಣ.

ನೂರಕ್ಕೆ 10 ಪಾಲು ಮದ್ಯಸಾರ ಇರುವುದನ್ನು ಕುದಿಸಿದರೆ ಮೊದಲ ಆವಿಯಲ್ಲಿ ಸುಮಾರು 50 ಪಾಲು ಇರುತ್ತದೆ. ಒಂದೇ ನೆಗೆತಕ್ಕೆ 40 ಪಾಲು ಲಾಭ.

50 ಪಾಲು ಇರುವುದನ್ನು ಕುದಿಸಿದರೆ ಸುಮಾರು 76 ಪಾಲು. ಲಾಭ 26.

80 ಪಾಲು ಇರುವುದನ್ನು ಕುದಿಸಿದರೆ ಸುಮಾರು 85 ಪಾಲು. ಲಾಭ 5.

90 ಪಾಲು ಇರುವುದನ್ನು ಕುದಿಸಿದರೆ ಸುಮಾರು 91 ಪಾಲು. ಲಾಭ ಒಂದೇ ಒಂದು.

95.6 ಪಾಲು ಇರುವುದನ್ನು ಕುದಿಸಿದರೆ ಬರುವುದು 95.6 ಪಾಲೇ. ಲಾಭ ಸೊನ್ನೆ.

ಇಲ್ಲಿಗೆ ದಾರಿ ಮುಚ್ಚಿತು. ಈ ಹದಕ್ಕೆ ಬಂದ ಮದ್ಯಸಾರ ಮತ್ತು ನೀರು ಜೋಡಿಯಾಗಿ 78.2 ಡಿಗ್ರಿಯಲ್ಲಿ ಕುದಿಯುತ್ತವೆ. ದ್ರವದಲ್ಲಿ ಎಷ್ಟು ನೀರೋ ಆವಿಯಲ್ಲಿಯೂ ಅಷ್ಟೇ ನೀರು. ನೂರು ತಟ್ಟೆಗಳ ಗೋಪುರ ಕಟ್ಟಿದರೂ, ಸಾವಿರ ತಟ್ಟೆಗಳ ಗೋಪುರ ಕಟ್ಟಿದರೂ ಸಾಧಾರಣ ಒತ್ತಡದಲ್ಲಿ ಬರೀ ಕುದಿಸುವುದರಿಂದ ಈ ಜೋಡಿ ಬಿಡಿಸಲು ಬರುವುದಿಲ್ಲ. ಉಳಿದ ನೀರು ನೂರು ಕಿಲೋದಲ್ಲಿ 4.4 ಕಿಲೋ ಮಾತ್ರ. ನಿಮ್ಮ ಒಂದು ಟನ್ ಕಬ್ಬಿನ ಕಾಕಂಬಿಯಿಂದ ಬಂದ 10 ಲೀಟರ್ ಮದ್ಯಸಾರದಲ್ಲಿ ಅದು ಒಂದು ಲೀಟರಿನ ಮೂರನೇ ಒಂದು ಪಾಲಿನಷ್ಟು. ಆದರೂ ಅದು ಹೋಗದೆ ಮದ್ಯಸಾರ ಪೆಟ್ರೋಲಿಗೆ ಸೇರುವ ಹಾಗಿಲ್ಲ.

ಉಪ್ಪುನೀರಿನ ಬೀಜದ ಪಾಠ

ಈ ಗಂಟನ್ನು ಬಿಡಿಸುವ ಉಪಾಯ ಭತ್ತದ ರೈತರಿಗೆ ಹೊಸದಲ್ಲ. ಬಿತ್ತನೆಯ ಭತ್ತವನ್ನು ಬರೀ ನೀರಿಗೆ ಹಾಕಿದರೆ ಪೂರಾ ಜಳ್ಳು ತೇಲುತ್ತದೆ. ಆದರೆ ಅರೆಗಾಳು ಗಟ್ಟಿಕಾಳಿನ ಜೊತೆಯಲ್ಲೇ ಮುಳುಗುತ್ತದೆ. ಎಷ್ಟು ಸಲ ನೀರು ಬದಲಾಯಿಸಿದರೂ ಅವೆರಡೂ ಬೇರೆಯಾಗುವುದಿಲ್ಲ. ಅದೇ ನೀರಿಗೆ ಹದವಾಗಿ ಉಪ್ಪು ಕರಗಿಸಿ ನೋಡಿ. ಅರೆಗಾಳು ಮೇಲೆ ಬರುತ್ತದೆ, ಗಟ್ಟಿಕಾಳು ತಳದಲ್ಲಿ ನಿಲ್ಲುತ್ತದೆ. ಕಾಳು ಬದಲಾಗಲಿಲ್ಲ. ಮೂರನೆಯ ವಸ್ತುವೊಂದು ಸೇರಿ, ಇಲ್ಲದಂತಿದ್ದ ವ್ಯತ್ಯಾಸವನ್ನು ಎದ್ದು ಕಾಣುವಂತೆ ಮಾಡಿತು. ಕೆಲಸ ಮುಗಿದ ಮೇಲೆ ಬೀಜವನ್ನು ತೊಳೆದು ಉಪ್ಪನ್ನು ಕಳೆಯುತ್ತೀರಿ. ಅದೇ ಉಪ್ಪುನೀರು ಇನ್ನೊಂದು ಪಾತಿಯ ಬೀಜಕ್ಕೆ ಆಗುತ್ತದೆ.

ಮದ್ಯಸಾರದ ಗೋಪುರದಲ್ಲಿಯೂ ಇದೇ ಉಪಾಯ. ನೀರನ್ನು ಬಿಗಿಯಾಗಿ ಹಿಡಿಯುವ, ಆದರೆ ತಾನು ಸುಲಭವಾಗಿ ಆವಿಯಾಗದ ಮೂರನೆಯ ದ್ರವವೊಂದನ್ನು ಒಳಗೆ ಬಿಡುತ್ತಾರೆ. ಅದು ನೀರನ್ನು ತನ್ನ ಕಡೆಗೆ ಸೆಳೆದುಕೊಂಡು ಕೆಳಕ್ಕೆ ಒಯ್ಯುತ್ತದೆ. ಜೊತೆ ತಪ್ಪಿದ ಮದ್ಯಸಾರ ಒಂಟಿಯಾಗಿ ಮೇಲೇರುತ್ತದೆ. ಇದಕ್ಕೆ ಎಕ್ಸ್‌ಟ್ರ್ಯಾಕ್ಟಿವ್ ಡಿಸ್ಟಿಲೇಷನ್ ಎಂದು ಹೆಸರು. ನಾವು ಇದನ್ನು ಸೆಳೆಭಟ್ಟಿ ಎಂದು ಕರೆಯೋಣ.

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ದ್ರವಗಳು ಎರಡು. ಒಂದು ಎಥಿಲೀನ್ ಗ್ಲೈಕಾಲ್, ಇನ್ನೊಂದು ಗ್ಲಿಸರಿನ್. ಇವು ನೀರನ್ನೇ ಏಕೆ ಹಿಡಿಯುತ್ತವೆ? ಮದ್ಯಸಾರದ ಕಣಕ್ಕೆ ನೀರನ್ನು ಹಿಡಿಯುವ ಕೊಕ್ಕೆ ಒಂದಿದೆ ಎಂದು ತಿಳಿಯಿರಿ. ಗ್ಲೈಕಾಲಿನ ಕಣಕ್ಕೆ ಅಂಥ ಕೊಕ್ಕೆಗಳು ಎರಡು, ಗ್ಲಿಸರಿನ್ನಿಗೆ ಮೂರು. ಹೆಚ್ಚು ಕೊಕ್ಕೆ ಇದ್ದವರ ಕಡೆಗೆ ನೀರು ವಾಲುತ್ತದೆ. ಇನ್ನೊಂದು ಗುಣವೇನೆಂದರೆ, ಗ್ಲೈಕಾಲ್ ಕುದಿಯಲು 197 ಡಿಗ್ರಿ ಶಾಖ ಬೇಕು, ಗ್ಲಿಸರಿನ್ನಿಗೆ 290 ಡಿಗ್ರಿ. ಮದ್ಯಸಾರದ ಗೋಪುರದ ಶಾಖಕ್ಕೆ ಇವು ಮಿಸುಕುವುದಿಲ್ಲ. ಆದ್ದರಿಂದ ಮೇಲಿನಿಂದ ಹೊರಬರುವ ಮದ್ಯಸಾರದಲ್ಲಿ ಇವು ಸೇರುವ ಭಯ ಕಡಿಮೆ.

ಎರಡು ಗೋಪುರಗಳ ಕೆಲಸ

ಸೆಳೆಭಟ್ಟಿಗೆ ಎರಡು ಗೋಪುರಗಳು ಬೇಕು.

ಮೊದಲನೆಯದು ಒಣಗಿಸುವ ಗೋಪುರ. ನೀರು ಉಳಿದ ಮದ್ಯಸಾರವನ್ನು ಇದರ ನಡುಭಾಗಕ್ಕೆ ಬಿಡುತ್ತಾರೆ. ಗ್ಲೈಕಾಲನ್ನು ತುದಿಯಿಂದ ಕೆಲವು ತಟ್ಟೆ ಕೆಳಗೆ ಬಿಡುತ್ತಾರೆ. ತೀರ ತುದಿಗೆ ಬಿಡುವುದಿಲ್ಲ. ಏಕೆಂದರೆ ಆವಿಯೊಡನೆ ಹೊರಟ ಅಲ್ಪಸ್ವಲ್ಪ ಗ್ಲೈಕಾಲನ್ನು ಮೇಲಿನ ಆ ತಟ್ಟೆಗಳು ತಡೆದು ಹಿಂದಕ್ಕೆ ಕಳಿಸಬೇಕು. ಕೆಳಗಿನಿಂದ ಹಬೆಯ ಶಾಖ ಕೊಡುತ್ತಾರೆ. ಗ್ಲೈಕಾಲ್ ತಟ್ಟೆಯಿಂದ ತಟ್ಟೆಗೆ ಇಳಿಯುತ್ತಾ, ಎದುರಿಗೆ ಬರುವ ಆವಿಯಿಂದ ನೀರನ್ನು ಕಸಿದುಕೊಳ್ಳುತ್ತದೆ. ತುದಿಯಿಂದ ಹೊರಬರುವ ಆವಿಯನ್ನು ತಣಿಸಿದರೆ ಅದೇ ನಿರ್ಜಲ ಮದ್ಯಸಾರ. ತಳದಿಂದ ಹೊರಡುವುದು ನೀರು ಕುಡಿದ ಗ್ಲೈಕಾಲ್.

ಎರಡನೆಯದು ಗ್ಲೈಕಾಲನ್ನು ಹಿಂಡುವ ಗೋಪುರ. ನೀರು ಕುಡಿದ ಗ್ಲೈಕಾಲ್ ಇಲ್ಲಿಗೆ ಬರುತ್ತದೆ. ನೀರಿಗೂ ಗ್ಲೈಕಾಲಿಗೂ ಕುದಿಯುವ ಶಾಖದಲ್ಲಿ 97 ಡಿಗ್ರಿ ಅಂತರವಿರುವುದರಿಂದ ಇವೆರಡನ್ನು ಬಿಡಿಸುವುದು ಸುಲಭ. ಅವು ಜೋಡಿಯಾಗಿ ಸಿಕ್ಕಿಕೊಳ್ಳುವುದಿಲ್ಲ. ಈ ಗೋಪುರದೊಳಗಿನ ಗಾಳಿಯನ್ನು ಯಂತ್ರದಿಂದ ಎಳೆದು ಒತ್ತಡವನ್ನು ತಗ್ಗಿಸುತ್ತಾರೆ. ಒತ್ತಡ ತಗ್ಗಿದರೆ ಕಡಿಮೆ ಶಾಖದಲ್ಲೇ ಕುದಿಯುತ್ತದೆ, ಗ್ಲೈಕಾಲ್ ಸುಟ್ಟು ಕೆಡುವುದಿಲ್ಲ. ತುದಿಯಿಂದ ನೀರು ಹೋಗುತ್ತದೆ, ತಳದಿಂದ ಒಣ ಗ್ಲೈಕಾಲ್ ಮರಳಿ ಮೊದಲ ಗೋಪುರಕ್ಕೆ ಹೋಗುತ್ತದೆ. ಹೋಗುವಾಗ ಅದರ ಬಿಸಿಯನ್ನು ವ್ಯರ್ಥ ಮಾಡದೆ, ಒಳಬರುವ ಮದ್ಯಸಾರವನ್ನು ಬೆಚ್ಚಗೆ ಮಾಡಲು ಉಪಯೋಗಿಸುತ್ತಾರೆ.

ಹೀಗೆ ಅದೇ ಗ್ಲೈಕಾಲ್ ಏತದ ಬಾನಿಯಂತೆ ಒಣಗಿ ಬಂದು, ನೀರು ತುಂಬಿಕೊಂಡು ಹೋಗಿ, ಮತ್ತೆ ಒಣಗಿ ಬರುತ್ತಿರುತ್ತದೆ. ನಷ್ಟವಾದಷ್ಟನ್ನು ಮಾತ್ರ ಆಗಾಗ ಹೊಸದಾಗಿ ಸೇರಿಸಿದರೆ ಸಾಕು.

ಇಲ್ಲಿ ಜಾಣತನ ಬೇಕಾದುದು ಎರಡನೆಯ ಗೋಪುರದಲ್ಲಿ. ಒದ್ದೆ ಟವಲಿನಿಂದ ಮೈ ಒರೆಸಿದರೆ ಮೈ ಒಣಗುವುದಿಲ್ಲ. ಹಾಗೆಯೇ ಗ್ಲೈಕಾಲ್ ಚೆನ್ನಾಗಿ ಒಣಗದೆ ಮರಳಿದರೆ ಮೊದಲ ಗೋಪುರದ ಮದ್ಯಸಾರ ನಿರ್ಜಲವಾಗುವುದಿಲ್ಲ. ಗ್ಲೈಕಾಲ್ ಕಡಿಮೆ ಬಿಟ್ಟರೂ ಅದೇ ಕಥೆ. ಹೆಚ್ಚು ಬಿಟ್ಟರೆ ಅಷ್ಟನ್ನೂ ಕಾಯಿಸುವ ಹಬೆ ದಂಡ.

ಖರ್ಚಿನ ಲೆಕ್ಕ

ಈ ವಿಧಾನದಲ್ಲಿ ಖರ್ಚು ಎಲ್ಲಿ ಬೀಳುತ್ತದೆ? ನಾಲ್ಕು ಪಾಲು ನೀರನ್ನು ತೆಗೆಯಲು ತೊಂಬತ್ತಾರು ಪಾಲು ಮದ್ಯಸಾರವನ್ನೆಲ್ಲ ಇನ್ನೊಮ್ಮೆ ಆವಿಯಾಗಿ ಮೇಲಕ್ಕೆ ಹಾಯಿಸಬೇಕು. ನಾಲ್ಕು ಹೊರೆ ಕಳೆಗಾಗಿ ಕಣದ ರಾಶಿಯನ್ನೆಲ್ಲ ಮತ್ತೆ ಕೇರಿದ ಹಾಗೆ. ಆದ್ದರಿಂದ ಸೆಳೆಭಟ್ಟಿಯ ಮುಖ್ಯ ಖರ್ಚು ಹಬೆ. ಹಬೆ ಬರುವುದು ನಿಮ್ಮ ಕಬ್ಬಿನ ಸಿಪ್ಪೆಯನ್ನು ಉರಿಸುವುದರಿಂದ. ಉಳಿಸಿದ ಸಿಪ್ಪೆಯಿಂದ ಕಾರ್ಖಾನೆ ವಿದ್ಯುತ್ತು ಮಾಡಿ ಮಾರಬಹುದು. ಅದರಿಂದ ಹಬೆಯನ್ನು ಪೋಲು ಮಾಡುವ ಕಾರ್ಖಾನೆ ನಿಮ್ಮ ಕಬ್ಬಿನ ಒಂದು ಪಾಲನ್ನು ಪೋಲು ಮಾಡಿದಂತೆಯೇ ಸರಿ.

ಮದ್ಯಸಾರವನ್ನು ತಣಿಸಿ ದ್ರವ ಮಾಡಿ ಮತ್ತೆ ಕಾಯಿಸುವುದರ ಬದಲು, ಹಿಂದಿನ ಗೋಪುರದಿಂದ ಆವಿಯಾಗಿಯೇ ಒಣಗಿಸುವ ಗೋಪುರಕ್ಕೆ ಬಿಟ್ಟರೆ ಬಹಳಷ್ಟು ಹಬೆ ಉಳಿಯುತ್ತದೆ. ನೀರನ್ನು ಮೊದಲಿನ ಸಾಧಾರಣ ಭಟ್ಟಿಯಲ್ಲೇ ಎಷ್ಟು ಸಾಧ್ಯವೋ ಅಷ್ಟು ತೆಗೆದು ಕಳಿಸುವುದೂ ಒಂದು ಉಳಿತಾಯ.

ಬೇರೆ ದಾರಿಗಳು

ನೀರು ತೆಗೆಯಲು ಸೆಳೆಭಟ್ಟಿ ಒಂದೇ ದಾರಿಯಲ್ಲ.

ಹಳೆಯ ದಾರಿ ಸುಣ್ಣ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಅದು ಹೀರಿ ಅರಳುವುದನ್ನು ನೀವು ನೋಡಿದ್ದೀರಿ. ಮದ್ಯಸಾರದಲ್ಲಿ ಹಾಕಿದರೂ ಅದು ನೀರನ್ನು ಹೀರುತ್ತದೆ. ಆದರೆ ಒಮ್ಮೆ ಅರಳಿದ ಸುಣ್ಣವನ್ನು ಮತ್ತೆ ಸುಡಬೇಕು, ಕೆಸರಿನಲ್ಲಿ ಮದ್ಯಸಾರವೂ ನಿಲ್ಲುತ್ತದೆ. ದೊಡ್ಡ ಕೆಲಸಕ್ಕೆ ಇದು ಒಗ್ಗಲಿಲ್ಲ.

1902ರಲ್ಲಿ ಸಿಡ್ನಿ ಯಂಗ್ ಎಂಬ ವಿಜ್ಞಾನಿ ಬೆಂಜೀನ್ ಸೇರಿಸಿ ಭಟ್ಟಿ ಇಳಿಸುವ ಕ್ರಮವನ್ನು ತೋರಿಸಿದರು. ಇಲ್ಲಿ ಮೂರನೆಯ ವಸ್ತು ನೀರನ್ನು ಕೆಳಕ್ಕೆ ಎಳೆಯುವುದಿಲ್ಲ, ತನ್ನೊಡನೆ ಮೇಲಕ್ಕೆ ಹಾರಿಸಿಕೊಂಡು ಹೋಗುತ್ತದೆ. ಬಹಳ ಕಾಲ ಈ ಕ್ರಮ ನಡೆಯಿತು. ಬೆಂಜೀನ್ ಕ್ಯಾನ್ಸರ್ ತರುವ ವಸ್ತುವೆಂದು ತಿಳಿದ ಮೇಲೆ ಅದರ ಬದಲಿಗೆ ಸೈಕ್ಲೊಹೆಕ್ಸೇನ್ ಬಂತು. ಆದರೂ ಹಬೆ ಹೆಚ್ಚು ಬೇಕು. ಬ್ರೆಜಿಲ್ಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಸೈಕ್ಲೊಹೆಕ್ಸೇನನ್ನು ಬಿಟ್ಟು ಗ್ಲೈಕಾಲಿನ ಸೆಳೆಭಟ್ಟಿಗೆ ಬದಲಾದವು ಹಲವು. ಹಬೆಯ ಉಳಿತಾಯವೇ ಅದಕ್ಕೆ ದೊಡ್ಡ ಕಾರಣ.

ಮೂರನೆಯದು ಜರಡಿಯ ದಾರಿ. ಇದಕ್ಕೆ ಮಾಲಿಕ್ಯುಲರ್ ಸೀವ್ ಎಂದು ಹೆಸರು. ಮಣಿಗಳಂತಿರುವ ಒಂದು ಬಗೆಯ ಖನಿಜದಲ್ಲಿ ಅತಿ ಸಣ್ಣ ರಂಧ್ರಗಳಿರುತ್ತವೆ. ನೀರಿನ ಕಣ ಸಣ್ಣದು, ರಂಧ್ರದೊಳಗೆ ಹೊಕ್ಕು ಅಲ್ಲೇ ಉಳಿಯುತ್ತದೆ. ಮದ್ಯಸಾರದ ಕಣ ದೊಡ್ಡದು, ಹೊಗಲಾರದೆ ದಾಟಿ ಹೋಗುತ್ತದೆ. ಒಂದು ಹಂಡೆಯ ಮಣಿಗಳು ನೀರು ಹೀರಿ ತುಂಬಿದಾಗ ಇನ್ನೊಂದು ಹಂಡೆಗೆ ಕೆಲಸ ಕೊಟ್ಟು, ಮೊದಲಿನದನ್ನು ಒಣಗಿಸುತ್ತಾರೆ. ನಮ್ಮ ದೇಶದ ಕಾರ್ಖಾನೆಗಳಲ್ಲಿ ಇಂದು ಹೆಚ್ಚಾಗಿ ಇರುವುದು ಇದೇ ವಿಧಾನ. ಇದರಲ್ಲಿ ಹಬೆ ಕಡಿಮೆ ಸಾಕು, ಹೊರಗಿನ ದ್ರವ ಬೇಡ. ಆದರೆ ಮೊದಲು ಹಾಕುವ ಬಂಡವಾಳ ಹೆಚ್ಚು, ಮಣಿಗಳನ್ನು ಜೋಪಾನ ಮಾಡಬೇಕು, ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು.

ಕೇರುವುದು, ಜರಡಿ ಹಿಡಿಯುವುದು, ಉಪ್ಪುನೀರಿನಲ್ಲಿ ತೇಲಿಸುವುದು ಒಂದೊಂದೂ ಒಂದೊಂದು ಬಗೆಯ ಕಾಳಿಗೆ ಹೇಗೆ ಸರಿಯೋ ಹಾಗೆಯೇ ಇವು. ಯಾವುದು ಮೇಲು ಎಂಬುದು ಹಬೆ, ಬಂಡವಾಳ ಮತ್ತು ಕೆಲಸಗಾರರ ಪರಿಣತಿಯನ್ನು ನೋಡಿ ನಿರ್ಧಾರವಾಗಬೇಕು.

ಗ್ಲೈಕಾಲ್ ಮತ್ತು ಗ್ಲಿಸರಿನ್

ಗ್ಲೈಕಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇದು ವಿಷ. ರುಚಿಯಲ್ಲಿ ಸಿಹಿಯಾಗಿರುವುದರಿಂದ ಮಕ್ಕಳೂ ನಾಯಿಗಳೂ ಮೋಸ ಹೋಗುವುದುಂಟು. ಒಳಗೆ ಹೋದರೆ ಮೂತ್ರಪಿಂಡ ಕೆಟ್ಟು ಪ್ರಾಣ ಹೋಗಬಹುದು. ಇದು ಕಾರ್ಖಾನೆಯಲ್ಲಿ ಮಾತ್ರ ಇರುವ ವಸ್ತುವೆಂದು ತಿಳಿಯಬೇಡಿ. ಟ್ರ್ಯಾಕ್ಟರಿನ ರೇಡಿಯೇಟರಿಗೆ ಹಾಕುವ ಬಣ್ಣದ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವುದೂ ಇದೇ ಗ್ಲೈಕಾಲ್. ಹಳೆಯ ಕೂಲೆಂಟನ್ನು ಕೊಟ್ಟಿಗೆಯ ಬಳಿ, ನೀರಿನ ತೊಟ್ಟಿಯ ಬಳಿ ಚೆಲ್ಲಬಾರದು. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬಾರದು.

ಗ್ಲಿಸರಿನ್ ವಿಷವಲ್ಲ. ಸಾಬೂನು ಮಾಡುವಾಗಲೂ, ಹೊಂಗೆ ಮುಂತಾದ ಎಣ್ಣೆಗಳಿಂದ ಬಯೋಡೀಸೆಲ್ ಮಾಡುವಾಗಲೂ ಇದು ಉಪಪದಾರ್ಥವಾಗಿ ಬರುತ್ತದೆ. 100 ಕಿಲೋ ಎಣ್ಣೆಯಿಂದ ಸುಮಾರು 10 ಕಿಲೋ ಗ್ಲಿಸರಿನ್ ದೊರೆಯುತ್ತದೆ. ಆದರೆ ಅದು ಬಹಳ ಮಂದವಾದ ದ್ರವ, ಪಂಪಿನಲ್ಲಿ ಹಾಯಿಸುವುದು ಕಷ್ಟ. ನೀರನ್ನು ಬಿಡಿಸಿ ಮತ್ತೆ ಒಣಗಿಸಲು ಹೆಚ್ಚು ಶಾಖವೂ ಹೆಚ್ಚು ಎಳೆತವೂ ಬೇಕು. ಆದ್ದರಿಂದ ಗ್ಲೈಕಾಲೇ ಹೆಚ್ಚಾಗಿ ಬಳಕೆಗೆ ಬಂದಿದೆ.

ರೈತರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಇದನ್ನು ಹಳ್ಳಿಯಲ್ಲೇ ಸಣ್ಣದಾಗಿ ಮಾಡಲಾಗದೆ?

ಉತ್ತರ: ಆಗದು. ಮೊದಲನೆಯದಾಗಿ ಅಪ್ಪಣೆಯಿಲ್ಲದೆ ಮದ್ಯಸಾರ ಭಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ. ಎರಡನೆಯದಾಗಿ, ಸಾಧಾರಣ ಭಟ್ಟಿ ಎಷ್ಟೇ ಚೆನ್ನಾಗಿದ್ದರೂ 95.6ರ ಗೋಡೆಯನ್ನು ದಾಟದು. ದಾಟಲು ಬೇಕಾದ ಗೋಪುರಗಳು, ಹಬೆ, ಅಳತೆಯ ಉಪಕರಣಗಳು ಹಗಲುರಾತ್ರಿ ನಡೆದರೆ ಮಾತ್ರ ಖರ್ಚು ಹುಟ್ಟುತ್ತದೆ. ಬೆಂಕಿಯ ಅಪಾಯವೂ ಉಂಟು. ಮದ್ಯಸಾರದ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆದರೆ ರೈತರು ಕೂಡಿ ಸಹಕಾರಿ ಕಾರ್ಖಾನೆಯಲ್ಲಿ ಮಾಡುವುದಕ್ಕೆ ಏನೂ ಅಡ್ಡಿಯಿಲ್ಲ.

ಪ್ರಶ್ನೆ: ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಗಾಡಿ ಕಡಿಮೆ ಮೈಲಿ ಕೊಡುತ್ತದೆ. ಅದರಲ್ಲಿ ನೀರು ಉಳಿದಿರುವುದೇ ಕಾರಣವೆ?

ಉತ್ತರ: ಅಲ್ಲ. ಸರಿಯಾಗಿ ಒಣಗಿಸಿದ ಎಥನಾಲಿನಲ್ಲಿಯೂ ಒಂದು ಲೀಟರಿಗೆ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟು ಮಾತ್ರ. ಅದು ಆ ವಸ್ತುವಿನ ಗುಣ. ಶೇಕಡಾ 20 ಬೆರೆಸಿದರೆ ಲೀಟರಿನ ಶಕ್ತಿ ನೂರಕ್ಕೆ ಆರೇಳು ಪಾಲು ಕಡಿಮೆಯಾಗುತ್ತದೆ. ಇಂಜಿನ್ನನ್ನು ಅದಕ್ಕೆ ಹೊಂದಿಸಿ ಮಾಡಿದ್ದರೆ ನಷ್ಟ ಸ್ವಲ್ಪ ತಗ್ಗುತ್ತದೆ. ನೀರಿನ ತೊಂದರೆ ಬೇರೆ. ನೀರು ಸೇರಿದ್ದರೆ ಗಾಡಿ ತಡೆತಡೆದು ಓಡುತ್ತದೆ ಅಥವಾ ನಿಂತೇ ಹೋಗುತ್ತದೆ.

ಪ್ರಶ್ನೆ: ಹಳ್ಳಕ್ಕೂ ಬಾವಿಗೂ ಸೇರುವ ಕಪ್ಪು ನೀರು ಈ ಒಣಗಿಸುವ ಕೆಲಸದಿಂದ ಬರುತ್ತದೆಯೆ?

ಉತ್ತರ: ಇಲ್ಲ. ಒಣಗಿಸುವಾಗ ಹೊರಬರುವ ನೀರು ಬಹಳ ಸ್ವಲ್ಪ. ಕಪ್ಪು ನೀರು ಬರುವುದು ಹುದುಗಿದ ಕಾಕಂಬಿಯನ್ನು ಮೊದಲ ಸಲ ಭಟ್ಟಿ ಇಳಿಸಿದಾಗ. ಒಂದು ಲೀಟರ್ ಮದ್ಯಸಾರಕ್ಕೆ ಸುಮಾರು 8ರಿಂದ 15 ಲೀಟರಿನಷ್ಟು ಬರುತ್ತದೆ. ಅದರಲ್ಲಿ ಪೊಟ್ಯಾಷ್ ಇದ್ದರೂ ಶುದ್ಧಿ ಮಾಡದೆ ಹೊರಗೆ ಬಿಟ್ಟರೆ ನೆಲವೂ ನೀರೂ ಕೆಡುತ್ತವೆ. ಅದನ್ನು ಗಟ್ಟಿ ಮಾಡಿ ಉರಿಸುವುದು ಅಥವಾ ಗೊಬ್ಬರ ಮಾಡುವುದು ಕಾರ್ಖಾನೆಯ ಹೊಣೆ. ಈ ವಿಷಯದಲ್ಲಿ ಗ್ರಾಮಸಭೆಯಲ್ಲಿ ಕೇಳಿ, ಬರೆದು ಕೊಡಿ.

ಪ್ರಶ್ನೆ: ಮದ್ಯಸಾರದಿಂದ ಕಾರ್ಖಾನೆಗೆ ಲಾಭ ಬಂದರೆ ನಮಗೇನು?

ಉತ್ತರ: ನ್ಯಾಯವಾದ ಪ್ರಶ್ನೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕಬ್ಬಿನ ದರ ಕ್ವಿಂಟಲಿಗೆ 355 ರೂಪಾಯಿ. ಇದು ನೂರಕ್ಕೆ 10.25 ಪಾಲು ಸಕ್ಕರೆ ಇಳುವರಿಯ ಮೇಲೆ ನಿಂತ ದರ. ಕಾರ್ಖಾನೆ ಹಾಲನ್ನು ಅಥವಾ ಸಕ್ಕರೆ ಹೆಚ್ಚು ಉಳಿದ ಕಾಕಂಬಿಯನ್ನು ಮದ್ಯಸಾರಕ್ಕೆ ತಿರುಗಿಸಿದರೆ ಮೂಟೆಗೆ ಬೀಳುವ ಸಕ್ಕರೆ ಕಡಿಮೆ ಕಾಣುತ್ತದೆ. ಹಾಗೆ ತಿರುಗಿಸಿದ ಸಕ್ಕರೆಯನ್ನು ಇಳುವರಿಯ ಲೆಕ್ಕಕ್ಕೆ ಸೇರಿಸಿದ್ದಾರೆಯೆ ಎಂಬುದನ್ನು ನಿಮ್ಮ ಸಂಘದ ಮೂಲಕ ಕೇಳಿ ತಿಳಿಯಿರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಬೇಕು. ಸಕ್ಕರೆ ಮಾರಾಟಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಮದ್ಯಸಾರದ ಹಣ ಅದಕ್ಕಿಂತ ಬೇಗ ಕೈಸೇರುತ್ತದೆ. ಹೀಗಿರುವಾಗ ಹಣವಿಲ್ಲವೆಂಬ ನೆಪಕ್ಕೆ ಬಲ ಕಡಿಮೆ.

ನೀವು ಮಾಡಬೇಕಾದುದು

1. ಕಬ್ಬನ್ನು ಕಡಿದ ದಿನವೇ, ತಪ್ಪಿದರೆ 24 ಗಂಟೆಗಳೊಳಗೆ ಸಾಗಿಸಿರಿ. ಒಣಗಿದ ಹಳಸಲು ಕಬ್ಬಿನಲ್ಲಿ ಸಕ್ಕರೆ ಇಳಿಯುತ್ತದೆ. ಸಕ್ಕರೆ ಇಳಿದರೆ ಮದ್ಯಸಾರವೂ ಇಳಿಯುತ್ತದೆ.

2. ಸಿಂಪಡಿಸುವ ಯಂತ್ರ, ಕಳೆ ಯಂತ್ರ, ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಬಿಡಬೇಡಿ. ಮದ್ಯಸಾರ ಗಾಳಿಯ ತೇವವನ್ನು ಹೀರುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಖಾಲಿ ಮಾಡಿ, ಉಳಿದುದನ್ನು ಓಡಿಸಿ ಮುಗಿಸಿರಿ.

3. ಮಳೆಗಾಲದಲ್ಲಿ ದಿನವೂ ಬಳಸುವ ಬೈಕಿನ ಟ್ಯಾಂಕನ್ನು ತುಂಬ ಖಾಲಿ ಇಡಬೇಡಿ. ಖಾಲಿ ಜಾಗದ ಒದ್ದೆ ಗಾಳಿ ರಾತ್ರಿಯ ತಂಪಿಗೆ ಹನಿಯಾಗಿ ಇಳಿಯುತ್ತದೆ. ಮುಚ್ಚಳದ ರಬ್ಬರು ಸರಿಯಾಗಿದೆಯೆ ನೋಡಿರಿ.

4. ಪೆಟ್ರೋಲ್ ತರುವ ಕ್ಯಾನು ತೊಳೆದ ಒದ್ದೆ ಕ್ಯಾನಾಗಿರಬಾರದು. ಒಂದು ಚಮಚ ನೀರೂ ಕೆಡುಕು ಮಾಡುತ್ತದೆ.

5. ಯಂತ್ರ ಹತ್ತದಿದ್ದರೆ, ಬೆಂಕಿಯಿಂದ ದೂರದಲ್ಲಿ, ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ನೋಡಿರಿ. ಎರಡು ಪದರ ಕಂಡರೆ ನೀರು ಸೇರಿದೆ ಎಂದು ಅರ್ಥ. ಮೇಲೆ ಹೊಸ ಪೆಟ್ರೋಲ್ ಸುರಿದರೆ ಅದು ಸರಿಹೋಗದು. ಪೂರ್ತಿ ಇಳಿಸಿ, ಒಣಗಿಸಿ, ಹೊಸದನ್ನು ತುಂಬಬೇಕು.

6. ಸಹಕಾರಿ ಕಾರ್ಖಾನೆಯ ಸದಸ್ಯರಾದವರು ವಾರ್ಷಿಕ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿರಿ. ಒಣಗಿಸಲು ಯಾವ ವಿಧಾನವಿದೆ? ಒಂದು ಲೀಟರ್ ಮದ್ಯಸಾರಕ್ಕೆ ಎಷ್ಟು ಹಬೆ ಹೋಗುತ್ತಿದೆ? ಕಳೆದ ವರ್ಷಕ್ಕಿಂತ ಅದು ಇಳಿದಿದೆಯೆ, ಏರಿದೆಯೆ?

ಈ ಕೊನೆಯ ಪ್ರಶ್ನೆಗಳನ್ನು ಕೇಳಲು ಓದು ಬರಹ ಹೆಚ್ಚು ಬೇಕಾಗಿಲ್ಲ. ಕಾಳನ್ನು ಜಳ್ಳಿನಿಂದ ಬೇರೆ ಮಾಡಲು ಬಲ್ಲವರಿಗೆ ಮದ್ಯಸಾರವನ್ನು ನೀರಿನಿಂದ ಬೇರೆ ಮಾಡುವ ಲೆಕ್ಕವೂ ತಿಳಿಯುತ್ತದೆ. ಕಬ್ಬು ನಿಮ್ಮದು. ಅದು ಎಲ್ಲಿಯವರೆಗೆ ಹೋಗುತ್ತದೆ, ದಾರಿಯಲ್ಲಿ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕವೂ ನಿಮ್ಮದಾಗಿರಲಿ.